ಕಡಿಮೆ ಬಜೆಟ್ಟಿನಲ್ಲಿ ಮೊದಲ ಬೇಸ್ ಗಿಟಾರ್: ಮಂಗಳೂರು, ಉಡುಪಿ ಕಡೆಯ ಹೊಸಬರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಗಿಟಾರ್ ಕಲಿಯುವವರಿಗೆ ಬರವಿಲ್ಲ. ಚರ್ಚಿನ ಗಾಯನ ಮಂಡಳಿ, ಕಾಲೇಜಿನ ಬ್ಯಾಂಡ್, ರಸಮಂಜರಿ ತಂಡ, ಎಲ್ಲಿ ನೋಡಿದರೂ ಗಿಟಾರ್ ಹಿಡಿದವರು ಇಬ್ಬರೋ ಮೂವರೋ ಇರುತ್ತಾರೆ. ಬೇಸ್, ಅಂದರೆ ಹಾಡಿಗೆ ತಗ್ಗಿನ ದನಿ ಕೊಡುವ ದಪ್ಪ ತಂತಿಯ ಗಿಟಾರ್, ಹಿಡಿದವರು ಸಿಗುವುದು ಕಷ್ಟ. ಎಷ್ಟೋ ತಂಡಗಳಲ್ಲಿ ಕೀಬೋರ್ಡ್ ನುಡಿಸುವವರ ಎಡಗೈಯೇ ಆ ಕೆಲಸವನ್ನೂ ಮಾಡುತ್ತದೆ. ಹಾಗಾಗಿ ಬೇಸ್ ಕಲಿಯುತ್ತಿದ್ದೇನೆ ಎಂದು ನಾಲ್ಕು ಜನರಿಗೆ ಗೊತ್ತಾದರೆ ಸಾಕು, "ನಮ್ಮಲ್ಲಿಗೆ ಬರ್ತೀರಾ?" ಎಂಬ ಕರೆ ಬೇಗನೇ ಬರುತ್ತದೆ.

ಹೊಸಬರು ಮೊದಲು ಕೇಳುವ ಪ್ರಶ್ನೆ, "ಯಾವ ಕಂಪನಿದು ತಗೊಳ್ಳಲಿ?" ನಾನು ಕಂಪನಿಯ ಹೆಸರನ್ನು ಕೊನೆಗೆ ಇಡುತ್ತೇನೆ. ಒಂದೇ ಕಂಪನಿಯ, ಒಂದೇ ಮಾಡೆಲ್ಲಿನ ಎರಡು ಬೇಸ್ ಅಕ್ಕಪಕ್ಕ ಇಟ್ಟು ನೋಡಿ. ಒಂದು ಸಲೀಸಾಗಿ ನುಡಿಯಬಹುದು, ಇನ್ನೊಂದು ಬೆರಳು ನೋಯಿಸಬಹುದು. ವ್ಯತ್ಯಾಸ ಇರುವುದು ನೆಕ್‌ನಲ್ಲಿ (ಬೆರಳಿಡುವ ಉದ್ದನೆಯ ಕತ್ತು), ಫ್ರೆಟ್‌ಗಳಲ್ಲಿ (ಅದರ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಕಂಬಿಗಳು), ಸೆಟಪ್‌ನಲ್ಲಿ (ನೆಕ್, ತಂತಿಗಳನ್ನು ಹೊಂದಿಸಿಡುವ ಕೆಲಸ). ನೆಕ್ ಸರಿ ಇರುವ, ನಿಮ್ಮ ಕೈಗೆ ಹೊಂದುವ ಬೇಸ್ ಹುಡುಕಿ. ಅದನ್ನು ಸೆಟಪ್ ಮಾಡಿಸಲು ಸ್ವಲ್ಪ ದುಡ್ಡು ಉಳಿಸಿಕೊಳ್ಳಿ. ಇಷ್ಟು ಮಾಡಿದರೆ ಕಡಿಮೆ ಬೆಲೆಯ ಬೇಸ್ ಕೂಡ ವರ್ಷಗಟ್ಟಲೆ ಜೊತೆಗಿರುತ್ತದೆ.

ಹೆಜ್ಜೆ 1: ಎಲ್ಲಿ ನುಡಿಸುತ್ತೀರಿ ಎಂದು ಮೊದಲು ತೀರ್ಮಾನಿಸಿ

ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕಲಿಯುವವರಿಗೆ ದೊಡ್ಡ ಆ್ಯಂಪ್ (ದನಿ ಜೋರು ಮಾಡುವ ಸ್ಪೀಕರ್ ಪೆಟ್ಟಿಗೆ) ಬೇಕಾಗಿಯೇ ಇಲ್ಲ, ಪುಟ್ಟ ಹೆಡ್‌ಫೋನ್ ಆ್ಯಂಪ್ ಸಾಕು. ಚರ್ಚಿನಲ್ಲಿ ನುಡಿಸುವವರಿಗೂ ದೊಡ್ಡ ಆ್ಯಂಪ್ ಬೇಡ. ಅಲ್ಲಿ ಮಿಕ್ಸರ್ ಇರುತ್ತದೆ, ಬೇಸ್‌ನ ಸಂಕೇತವನ್ನು ಮಿಕ್ಸರಿಗೆ ಹೊಂದಿಸುವ ಡಿಐ ಬಾಕ್ಸ್ ಎಂಬ ಚಿಕ್ಕ ಪೆಟ್ಟಿಗೆಯ ಮೂಲಕ ನೇರ ಅದಕ್ಕೆ ಕೊಡಬಹುದು. ಡ್ರಮ್ಸ್ ಇರುವ ಬ್ಯಾಂಡಿನ ಜೊತೆ ಕೋಣೆಯಲ್ಲಿ ಅಭ್ಯಾಸ ಮಾಡುವವರಿಗೆ ಮಾತ್ರ ಶಕ್ತಿಯುಳ್ಳ ಆ್ಯಂಪ್ ಬೇಕು. ಈ ಮೂರರಲ್ಲಿ ನೀವು ಯಾರು ಎಂದು ಗೊತ್ತಾದರೆ ಅರ್ಧ ಖರ್ಚು ಅಲ್ಲೇ ತೀರ್ಮಾನವಾಗುತ್ತದೆ.

ಸಾಧ್ಯವಾದರೆ ಕೊಳ್ಳುವ ಮೊದಲು ಬೇಸ್ ನುಡಿಸುವುದನ್ನು ಎದುರಿಗೆ ಕುಳಿತು ನೋಡಿ. ಮಂಗಳೂರಿನ ಶಕ್ತಿನಗರದ ಕಲಾಂಗಣದಲ್ಲಿ ಮಾಂಡ್ ಸೊಭಾಣ್ ಸಂಸ್ಥೆಯವರು ಕೊಂಕಣಿ ಸಂಗೀತ, ನಾಟಕ ನಡೆಸುತ್ತಾರೆ. ಮಣಿಪಾಲ, ಸುರತ್ಕಲ್‌ನ ಕಾಲೇಜುಗಳ ಉತ್ಸವಗಳಲ್ಲಿ ಬ್ಯಾಂಡುಗಳು ನುಡಿಸುತ್ತವೆ. ಬೇಸ್ ಹಿಡಿದವರ ಎರಡೂ ಕೈಗಳನ್ನು ಗಮನಿಸಿ. ಆಮೇಲೆ ಅದೇ ಹಾಡಿನಲ್ಲಿ ಬೇಸ್ ನಿಂತ ಕ್ಷಣ ಏನು ಕಡಿಮೆಯಾಯಿತು ಎಂದು ಕಿವಿಗೊಟ್ಟು ಕೇಳಿ. ಈ ವಾದ್ಯ ನಿಮಗೆ ಬೇಕೋ ಬೇಡವೋ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 2: ದುಡ್ಡನ್ನು ಹಂಚಿಕೊಳ್ಳಿ

ಇದ್ದ ದುಡ್ಡೆಲ್ಲ ಬೇಸ್‌ಗೇ ಸುರಿದು, ಮನೆಗೆ ಬಂದ ಮೇಲೆ ಕೇಬಲ್‌ಗೆ ಪರದಾಡುವವರನ್ನು ತುಂಬ ನೋಡಿದ್ದೇನೆ. ಹೆಸರಿರುವ ಕಂಪನಿಗಳ ಹೊಸಬರ ಬೇಸ್ ಈಗ ಸುಮಾರು 15,000ದಿಂದ 25,000 ರೂಪಾಯಿಯ ಒಳಗೆ ಸಿಗುತ್ತದೆ. ಅದಕ್ಕಿಂತ ಅಗ್ಗದವೂ ಇವೆ. ಎಂಟು ಹತ್ತು ಸಾವಿರದ ಬೇಸ್ ಕೆಟ್ಟದ್ದೇ ಎಂದು ಹೇಳುವುದಿಲ್ಲ, ಆದರೆ ಅದನ್ನು ಕೈಯಲ್ಲಿ ಹಿಡಿದು ಪರೀಕ್ಷೆ ಮಾಡದೆ ಕೊಳ್ಳಬೇಡಿ.

ಒಟ್ಟು 25,000 ರೂಪಾಯಿ ಇದೆ ಅಂದುಕೊಳ್ಳಿ. ಬೇಸ್‌ಗೆ 16ರಿಂದ 18 ಸಾವಿರ ಇಡಿ. ಉಳಿದದ್ದರಲ್ಲಿ ಒಂದು ಒಳ್ಳೆಯ ಕೇಬಲ್, ಅಗಲವಾದ ಸ್ಟ್ರಾಪ್, ದಪ್ಪ ಹತ್ತಿ ತುಂಬಿದ ಬ್ಯಾಗ್, ಹೆಡ್‌ಫೋನ್ ಆ್ಯಂಪ್ ಅಥವಾ ಚಿಕ್ಕ ಆ್ಯಂಪ್, ಸೆಟಪ್ ಕೂಲಿ ಬರಬೇಕು. ಸ್ಟ್ರಾಪ್ ಅಗಲವಾಗಿರಲಿ ಎಂದು ಹೇಳುವುದಕ್ಕೆ ಕಾರಣವಿದೆ. ಬೇಸ್‌ನ ತೂಕ ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕೂವರೆ ಕಿಲೋ. ಚರ್ಚಿನ ಒಂದೂವರೆ ಗಂಟೆಯ ಪೂಜೆಯಲ್ಲಿ ನಿಂತು ನುಡಿಸಿದರೆ ತೆಳ್ಳಗಿನ ಪಟ್ಟಿ ಹೆಗಲನ್ನು ಕೊರೆಯುತ್ತದೆ. ಬ್ಯಾಗ್ ವಿಷಯದಲ್ಲೂ ಜಿಪುಣತನ ಬೇಡ. ಸಿಟಿ ಬಸ್ಸಿನ ಗದ್ದಲದಲ್ಲಿ, ಸ್ಕೂಟರಿನ ಹಿಂದೆ, ಜಡಿಮಳೆಯಲ್ಲಿ ಅದೇ ನಿಮ್ಮ ಬೇಸ್‌ನ ರಕ್ಷಣೆ.

ಹೆಜ್ಜೆ 3: ನಿಮ್ಮ ಕೈಗೆ ತಕ್ಕ ಉದ್ದ

ಇಲ್ಲಿ ಸ್ವಲ್ಪ ನಿಧಾನಿಸಿ. ಹೊಸಬರು ಬೇಸ್ ಬಿಟ್ಟುಬಿಡಲು ದೊಡ್ಡ ಕಾರಣ ಇದೇ ಎಂದು ನನಗೆ ಅನ್ನಿಸುತ್ತದೆ, ಆದರೆ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ನೆಕ್‌ನ ತಲೆಯ ಬುಡದಲ್ಲಿರುವ ನಟ್ ಎಂಬ ಪಟ್ಟಿಯಿಂದ, ದೇಹದ ಮೇಲೆ ತಂತಿ ಕೂರುವ ಬ್ರಿಡ್ಜ್‌ವರೆಗಿನ ತಂತಿಯ ಉದ್ದಕ್ಕೆ ಸ್ಕೇಲ್ ಅನ್ನುತ್ತಾರೆ. ಹೆಚ್ಚಿನ ಬೇಸ್‌ಗಳದ್ದು 34 ಇಂಚು, ಅಂದರೆ 864 ಮಿಲಿಮೀಟರ್. ಶಾರ್ಟ್ ಸ್ಕೇಲ್ ಬೇಸ್‌ಗಳದ್ದು ಸುಮಾರು 30 ಇಂಚು. ನಾಲ್ಕು ಇಂಚು ಅಷ್ಟೇ ಅಲ್ವಾ ಎಂದು ಅನ್ನಿಸಬಹುದು. ಫ್ರೆಟ್ ಲೆಕ್ಕದಲ್ಲಿ ನೋಡಿ. 34 ಇಂಚಿನ ಬೇಸ್‌ನಲ್ಲಿ ನಟ್‌ನಿಂದ ಮೊದಲ ಫ್ರೆಟ್ ಕಂಬಿಯವರೆಗಿನ ಅಂತರ ಸುಮಾರು 48 ಮಿಲಿಮೀಟರ್. 30 ಇಂಚಿನದರಲ್ಲಿ ಅದು 43ರ ಹತ್ತಿರ. ಸಾಮಾನ್ಯ ಎಲೆಕ್ಟ್ರಿಕ್ ಗಿಟಾರಿನಲ್ಲಿ 36. ಗಿಟಾರ್ ನುಡಿಸಿದ ಕೈ ಕೂಡ ಮೊದಲ ದಿನ ಉದ್ದದ ಬೇಸ್‌ನಲ್ಲಿ ತಡವರಿಸುವುದು ಇದಕ್ಕೇ.

ಹದಿಮೂರು ಹದಿನಾಲ್ಕರ ಮಕ್ಕಳಿಗೆ, ಚಿಕ್ಕ ಅಂಗೈಯವರಿಗೆ, ಹೆಗಲು ಬೆನ್ನು ನೋವು ಇರುವವರಿಗೆ ನಾನು ಶಾರ್ಟ್ ಸ್ಕೇಲನ್ನೇ ಹೇಳುತ್ತೇನೆ. ಅದು ಮಕ್ಕಳ ಆಟಿಕೆಯಲ್ಲ, ದೊಡ್ಡ ದೊಡ್ಡ ಕಲಾವಿದರು ಅದರಲ್ಲಿ ರೆಕಾರ್ಡ್ ಮಾಡಿದ್ದಾರೆ. ತಂತಿಯ ಬಿಗಿ ಕಡಿಮೆ, ಬೆರಳಿಗೆ ಸುಲಭ. ದನಿ ಸ್ವಲ್ಪ ಗುಂಡಗೆ, ಮೆತ್ತಗೆ ಇರುತ್ತದೆ. ಒಂದು ತೊಂದರೆ ಉಂಟು: ಅದಕ್ಕೆ ಹೊಂದುವ ತಂತಿ ನಮ್ಮ ಕಡೆಯ ಅಂಗಡಿಗಳಲ್ಲಿ ಯಾವಾಗಲೂ ಇರುವುದಿಲ್ಲ. ಆನ್‌ಲೈನ್‌ನಲ್ಲಿ ತರಿಸಿ ಒಂದು ಸೆಟ್ ಮನೆಯಲ್ಲಿ ಇಟ್ಟುಕೊಳ್ಳಬೇಕು.

ಅಂಗಡಿಯಲ್ಲಿ ಹೀಗೆ ನೋಡಿ. ಕುಳಿತು ಬೇಸ್ ಹಿಡಿದು, ಅತ್ಯಂತ ದಪ್ಪ ತಂತಿಯ ಮೊದಲ ಫ್ರೆಟ್‌ನಲ್ಲಿ ತೋರುಬೆರಳು, ಮೂರನೇ ಫ್ರೆಟ್‌ನಲ್ಲಿ ಕಿರುಬೆರಳು ಇಡಿ. ಮಣಿಕಟ್ಟು ತೀರಾ ಮಡಚದೆ, ಹೆಗಲು ಮೇಲೇರದೆ ಅದು ಸಾಧ್ಯವಾದರೆ 34 ಇಂಚು ನಿಮಗೆ ಸರಿ. ಎಳೆದು ಎಳೆದು ಇಡಬೇಕಾದರೆ ಶಾರ್ಟ್ ಸ್ಕೇಲ್ ನೋಡಿ. ನಾಲ್ಕು ಬೆರಳಿಗೆ ನಾಲ್ಕು ಫ್ರೆಟ್ ಎಂಬ ಗಿಟಾರಿನ ನಿಯಮವನ್ನು ಇಲ್ಲಿ ಹೇರಬೇಡಿ. ತಲೆಯ ಹತ್ತಿರದ ಫ್ರೆಟ್‌ಗಳಲ್ಲಿ ತೋರುಬೆರಳು, ನಡುಬೆರಳು, ಕಿರುಬೆರಳು ಮೂರು ಫ್ರೆಟ್‌ಗೆ ಸಾಕು. ದೊಡ್ಡ ಡಬಲ್ ಬೇಸ್ ನುಡಿಸುವವರಿಂದ ಬಂದ ಕ್ರಮ ಇದು. ಕೈಗೆ ನೋವಾಗುವುದಿಲ್ಲ.

ಆಮೇಲೆ ಸ್ಟ್ರಾಪ್ ಹಾಕಿ ನಿಂತು ಎಡಗೈ ಬಿಡಿ. ತಲೆಯ ಭಾಗ ನೆಲದ ಕಡೆಗೆ ವಾಲಿದರೆ ಆ ಬೇಸ್‌ನ ತೂಕ ಸಮವಾಗಿಲ್ಲ. ಉದ್ದಕ್ಕೂ ಅದನ್ನು ಎಡಗೈಯಿಂದ ಎತ್ತಿ ಹಿಡಿಯಬೇಕಾಗುತ್ತದೆ. ಹೊಸಬರಿಗೆ ಅಂಥದ್ದು ಬೇಡ.

ಹೆಜ್ಜೆ 4: ನಾಲ್ಕು ತಂತಿ, ಸರಳ ಪಿಕಪ್

ನಾಲ್ಕು ತಂತಿಯದನ್ನೇ ಕೊಳ್ಳಿ. ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ. ಐದು ತಂತಿಯದರಲ್ಲಿ ಇ ತಂತಿಗಿಂತಲೂ ತಗ್ಗಿನ ಸ್ವರದ ಇನ್ನೊಂದು ಬಿ ತಂತಿ ಬರುತ್ತದೆ. ಅಗ್ಗದ ಬೇಸ್‌ಗಳಲ್ಲಿ ಆ ತಂತಿ ಸಡಿಲವಾಗಿ, ಮಸುಕಾಗಿ ಕೇಳುವುದು ಜಾಸ್ತಿ. ನೆಕ್ ಕೂಡ ಅಗಲ. ಸದ್ಯಕ್ಕೆ ಬೇಡ.

ತಂತಿಯ ಕಂಪನವನ್ನು ಹಿಡಿದು ವಿದ್ಯುತ್ ಸಂಕೇತ ಮಾಡುವ ಭಾಗವೇ ಪಿಕಪ್. ಅದರ ಬಗ್ಗೆ ಒಂದಿಷ್ಟು ಹಿನ್ನೆಲೆ. ಅಮೆರಿಕದ ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ ತಂದಿತು. ಫ್ರೆಟ್ ಇರುವ, ಹೆಗಲಿಗೆ ಹಾಕಿಕೊಳ್ಳುವ ಎಲೆಕ್ಟ್ರಿಕ್ ಬೇಸ್ ಜನಪ್ರಿಯವಾದದ್ದು ಅದರಿಂದ. 1960ರಲ್ಲಿ ಅದೇ ಕಂಪನಿಯ ಜಾಝ್ ಬೇಸ್ ಬಂತು. ಇಂದಿಗೂ ಅಂಗಡಿಯಲ್ಲಿ ಪಿ ಪಿಕಪ್, ಜೆ ಪಿಕಪ್ ಎಂದು ಹೇಳುವುದು ಈ ಎರಡರ ಹೆಸರಿನಿಂದ. ಪಿ ಎಂದರೆ ಎರಡು ತುಂಡಾಗಿ ಹಿಂದೆ ಮುಂದೆ ಕೂರಿಸಿದ ಪಿಕಪ್. ದನಿ ದಪ್ಪ, ತುಂಬಿ ಬರುತ್ತದೆ, ಗುಂಯ್ ಎನ್ನುವ ಕರೆಂಟಿನ ಸದ್ದು ಕಡಿಮೆ. ಜೆ ಎಂದರೆ ಉದ್ದನೆಯ ಎರಡು ಪಿಕಪ್. ದನಿ ಸ್ವಲ್ಪ ಚೂಪು, ಬೇರೆ ಬೇರೆ ಬಣ್ಣ ತೆಗೆಯಬಹುದು, ಒಂದನ್ನು ಮಾತ್ರ ಹಚ್ಚಿದರೆ ಗುಂಯ್ ಸದ್ದು ಕೇಳಬಹುದು. ಎರಡನ್ನೂ ಸೇರಿಸಿದ ಪಿಜೆ ಕೂಡ ಇದೆ. ಮೊದಲ ಬೇಸ್‌ಗೆ ನನ್ನ ಒಲವು ಪಿಜೆ ಕಡೆಗೆ. ಚರ್ಚಿನ ನಿಧಾನ ಹಾಡಿಗೂ ಆಗುತ್ತದೆ, ಮದುವೆಗೆ ಮುಂಚಿನ ರೋಸ್ ಕಾರ್ಯಕ್ರಮದ ಕುಣಿತದ ಹಾಡು ಬೈಲಾಕ್ಕೂ ಆಗುತ್ತದೆ.

ಪ್ಯಾಸಿವ್, ಆ್ಯಕ್ಟಿವ್ ಎಂಬ ಮಾತೂ ಕಿವಿಗೆ ಬೀಳುತ್ತದೆ. ಆ್ಯಕ್ಟಿವ್ ಬೇಸ್‌ನೊಳಗೆ 9 ವೋಲ್ಟಿನ ಬ್ಯಾಟರಿ ಇರುತ್ತದೆ. ಕೇಬಲ್ ಚುಚ್ಚಿಟ್ಟಷ್ಟು ಹೊತ್ತೂ ಅದು ಖರ್ಚಾಗುತ್ತದೆ. ಬ್ಯಾಟರಿ ಮುಗಿದರೆ ಹಲವು ಬೇಸ್‌ಗಳಲ್ಲಿ ದನಿಯೇ ಬರುವುದಿಲ್ಲ. ಪ್ಯಾಸಿವ್‌ಗೆ ಆ ರಗಳೆ ಇಲ್ಲ. ಕಲಿಯುವವರಿಗೆ ಪ್ಯಾಸಿವ್ ಸಾಕು.

ಮರ ಯಾವುದು, ಬಣ್ಣ ಯಾವುದು ಎಂದು ತಲೆ ಕೆಡಿಸಿಕೊಳ್ಳಬೇಡಿ. ಈ ಬೆಲೆಯಲ್ಲಿ ಮರದಿಂದ ಆಗುವ ವ್ಯತ್ಯಾಸಕ್ಕಿಂತ ಹೊಸ ತಂತಿ ಹಾಕಿದಾಗ ಆಗುವ ವ್ಯತ್ಯಾಸವೇ ದೊಡ್ಡದು.

ಹೆಜ್ಜೆ 5: ಹೆಸರುಗಳ ಪಟ್ಟಿ ಮಾಡಿಕೊಳ್ಳಿ

ಈಗ ಕಂಪನಿಗಳು. ಯಮಾಹಾದ ಟಿಆರ್‌ಬಿಎಕ್ಸ್ 174 ಪಿಜೆ ಪಿಕಪ್ಪಿನ ಪ್ಯಾಸಿವ್ ಬೇಸ್. ಫ್ರೆಟ್ ಕೆಲಸ ನಂಬಿಕೆಗೆ ಅರ್ಹ ಎಂಬುದು ನನ್ನ ಅಭಿಪ್ರಾಯ. ಐಬನೆಝ್‌ನ ಜಿಎಸ್‌ಆರ್ ಸರಣಿಯ ನೆಕ್ ತೆಳ್ಳಗೆ, ಗಿಟಾರಿನಿಂದ ಬೇಸ್‌ಗೆ ಬರುವವರಿಗೆ ಹಿತ. ಅದೇ ಕಂಪನಿಯ ಟಿಎಂಬಿ 30 ಶಾರ್ಟ್ ಸ್ಕೇಲ್. ಸ್ಕ್ವಯರ್ ಎಂಬುದು ಫೆಂಡರ್‌ನದೇ ಅಗ್ಗದ ಬ್ರ್ಯಾಂಡ್. ಅದರಲ್ಲಿ ಉದ್ದದ ಪ್ರಿಸಿಷನ್ ಮಾದರಿಯೂ ಇದೆ, ಬ್ರಾಂಕೊ ಎಂಬ ಶಾರ್ಟ್ ಸ್ಕೇಲೂ ಇದೆ. ಕಾರ್ಟ್ ಕಂಪನಿಯ ಆ್ಯಕ್ಷನ್ ಸರಣಿಯನ್ನೂ ಬಿಡದೆ ನೋಡಿ.

ಇದರಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ, ನಿಮ್ಮ ಊರಿನಲ್ಲಿ ಕೈಗೆ ಸಿಗುವುದು ಎನ್ನುತ್ತೇನೆ. ಇದು ಹಾರಿಕೆಯ ಉತ್ತರ ಅಲ್ಲ ಮಾರಾಯ್ರೇ. ಮುಟ್ಟಿ ನೋಡಿದ ಸಾಧಾರಣ ಮಾಡೆಲ್, ನೋಡದೆ ತರಿಸಿದ ಹೆಸರಾಂತ ಮಾಡೆಲ್ಲಿಗಿಂತ ಮೇಲು. ಎಡಗೈ ಬಳಸುವವರಿಗೆ ಮಾತ್ರ ಆಯ್ಕೆ ತೀರಾ ಕಡಿಮೆ, ಅವರು ಬಹುಶಃ ತರಿಸಿಕೊಳ್ಳಲೇಬೇಕು.

ಹೆಜ್ಜೆ 6: ಅಂಗಡಿಯಲ್ಲಿ ಪರೀಕ್ಷೆ

ಮಧ್ಯಾಹ್ನ ಹೊತ್ತಿನಲ್ಲಿ ಹೋಗಿ. ಶನಿವಾರ ಸಂಜೆ ಅಂಗಡಿ ತುಂಬಿರುತ್ತದೆ, ನಿಮಗೆ ಸದ್ದು ಕೇಳುವುದಿಲ್ಲ, ಅವರಿಗೆ ಪುರುಸೊತ್ತಿಲ್ಲ. ಬೇಸ್ ನುಡಿಸಲು ಬರುವುದಿಲ್ಲ ಎಂದು ಹಿಂಜರಿಯಬೇಡಿ. ಈ ಪರೀಕ್ಷೆಗೆ ನುಡಿಸಲು ಬರಬೇಕಿಲ್ಲ. "ಅಣ್ಣಾ, ಸ್ವಲ್ಪ ಟ್ಯೂನ್ ಮಾಡಿ ಕೊಡ್ತೀರಾ?" ಎಂದು ಕೇಳಿ. ಟ್ಯೂನ್ ಆಗದ ಬೇಸ್‌ನಲ್ಲಿ ತಂತಿಯ ಎತ್ತರ ನೋಡಿ ಪ್ರಯೋಜನವಿಲ್ಲ, ಯಾಕೆಂದರೆ ತಂತಿ ಬಿಗಿಯಾದಾಗಲೇ ನೆಕ್ ತನ್ನ ಜಾಗಕ್ಕೆ ಬರುವುದು. ನಾಲ್ಕು ತಂತಿಗಳು ಸೇರಿ ನೆಕ್ಕನ್ನು 70 ಕಿಲೋಗೂ ಹೆಚ್ಚು ಬಲದಿಂದ ಎಳೆಯುತ್ತಿರುತ್ತವೆ.

ಮೊದಲು ಕಣ್ಣು. ಬೇಸ್ ಎತ್ತಿ, ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್ ಉದ್ದಕ್ಕೆ ನೋಡಿ. ಫ್ರೆಟ್‌ಗಳ ಅಂಚು ಎಡಬಲ ಎರಡೂ ಕಡೆ ಒಂದೇ ತರ ಸಾಗಬೇಕು. ಒಂದು ಬದಿ ಏರಿ ಇನ್ನೊಂದು ಬದಿ ಇಳಿದರೆ ನೆಕ್ ತಿರುಚಿದೆ. ಅದನ್ನು ಅಲ್ಲೇ ಇಟ್ಟುಬಿಡಿ, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಬಾಗಿದ ನೆಕ್ಕನ್ನು ಅದರೊಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳು ಸರಿಮಾಡುತ್ತದೆ, ತಿರುಚಿದ್ದನ್ನು ಮಾಡುವುದಿಲ್ಲ.

ಆಮೇಲೆ ಬಾಗು. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ, ಕೊನೆಯ ಫ್ರೆಟ್‌ನಲ್ಲಿ ಇನ್ನೊಂದು ಕೈಯಿಂದ ಒತ್ತಿ. ಈಗ ಏಳು ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಜಾಗ ಇರಬೇಕು. ಜಾಗವೇ ಇಲ್ಲದಿದ್ದರೆ ನೆಕ್ ಹಿಂದಕ್ಕೆ ಬಾಗಿದೆ, ತುಂಬ ಇದ್ದರೆ ಮುಂದಕ್ಕೆ ಬಾಗಿದೆ. ಎರಡೂ ಸರಿಹೋಗುವ ಸಂಗತಿ. ಆದರೆ ಟ್ರಸ್ ರಾಡ್ ತಿರುಗುತ್ತದೆಯಾ ಎಂದು ಅಂಗಡಿಯವರ ಕೈಯಲ್ಲೇ ಕಾಲು ಸುತ್ತು ತಿರುಗಿಸಿ ತೋರಿಸಲು ಹೇಳಿ.

ಇನ್ನು ಆ್ಯಕ್ಷನ್, ಅಂದರೆ ಫ್ರೆಟ್‌ನಿಂದ ತಂತಿ ಎಷ್ಟು ಎತ್ತರ ಇದೆ ಎಂಬುದು. ಅಳತೆಪಟ್ಟಿ ಬೇಡ, ಪರ್ಸಿನಲ್ಲಿರುವ ಎಟಿಎಂ ಕಾರ್ಡ್ ಸಾಕು. ಒಂದು ಕಾರ್ಡಿನ ದಪ್ಪ 0.76 ಮಿಲಿಮೀಟರ್. ಮೂರು ಕಾರ್ಡ್ ಸೇರಿದರೆ ಸುಮಾರು 2.3. ಹನ್ನೆರಡನೇ ಫ್ರೆಟ್‌ನ ಮೇಲೆ, ದಪ್ಪ ತಂತಿಯ ಕೆಳಗೆ ಮೂರು ಕಾರ್ಡ್ ತಂತಿಯನ್ನು ಎತ್ತದೆ ಹೋದರೆ ಎತ್ತರ ಸರಿ ಇದೆ. ಐದು ಕಾರ್ಡ್ ಸಲೀಸಾಗಿ ಹೋದರೆ ಜಾಸ್ತಿ ಎತ್ತರ. ಬ್ರಿಡ್ಜ್‌ನ ಸ್ಕ್ರೂಗಳಲ್ಲಿ ಅದನ್ನು ಇಳಿಸಬಹುದು. ಸ್ಕ್ರೂ ಪೂರ್ತಿ ಇಳಿದಿದ್ದೂ ತಂತಿ ಎತ್ತರದಲ್ಲೇ ಇದ್ದರೆ ಆ ಬೇಸ್ ಬೇಡ.

ಪ್ರತಿ ತಂತಿಯಲ್ಲೂ ಪ್ರತಿ ಫ್ರೆಟ್ ಒತ್ತಿ ನುಡಿಸಿ. ಬೇಸರ ಬಂದರೂ ಬಿಡಬೇಡಿ, ಐದು ನಿಮಿಷದ ಕೆಲಸ. ಒಂದೇ ಒಂದು ಫ್ರೆಟ್‌ನಲ್ಲಿ ಜಿರ್ರ್ ಎಂದರೆ ಮುಂದಿನ ಫ್ರೆಟ್ ಎದ್ದಿದೆ ಎಂದರ್ಥ. ಜಿ ತಂತಿಯ ಐದರಿಂದ ಏಳನೇ ಫ್ರೆಟ್ ಹತ್ತಿರ ಕೆಲವು ಬೇಸ್‌ಗಳಲ್ಲಿ ದನಿ ಬೇಗ ಸಾಯುತ್ತದೆ. ಸ್ವಲ್ಪ ಇದ್ದರೆ ಪರವಾಗಿಲ್ಲ, ಠಕ್ ಎಂದು ನಿಂತುಹೋದರೆ ಬೇರೆಯದನ್ನು ನೋಡಿ. ನೆಕ್‌ನ ಎರಡೂ ಅಂಚಿನಲ್ಲಿ ಅಂಗೈ ಸವರಿ, ಫ್ರೆಟ್ ತುದಿ ಚುಚ್ಚಬಾರದು.

ಹನ್ನೆರಡನೇ ಫ್ರೆಟ್‌ನ ಮೇಲೆ ತಂತಿಯನ್ನು ಒತ್ತದೆ, ಬೆರಳು ಸುಮ್ನೆ ತಾಗಿಸಿ ಮೀಟಿದರೆ ಗಂಟೆಯಂಥ ಹಾರ್ಮಾನಿಕ್ ಬರುತ್ತದೆ. ಆಮೇಲೆ ಅದೇ ಜಾಗದಲ್ಲಿ ಒತ್ತಿ ನುಡಿಸಿ. ಫೋನಿನ ಟ್ಯೂನರಿನಲ್ಲಿ ಎರಡೂ ಒಂದೇ ಸ್ವರ ತೋರಿಸಬೇಕು. ಸ್ವಲ್ಪ ಹೆಚ್ಚು ಕಡಿಮೆ ಇದ್ದರೆ ಸೆಟಪ್‌ನಲ್ಲಿ ಸರಿಯಾಗುತ್ತದೆ.

ಕೊನೆಗೆ ಕರೆಂಟಿನ ಭಾಗ. ಆ್ಯಂಪ್‌ಗೆ ಹಚ್ಚಿ ಪ್ರತಿ ನಾಬನ್ನೂ ಪೂರ್ತಿ ತಿರುಗಿಸಿ. ಕರಕರ ಸದ್ದು ಬಂದರೆ ಒಳಗೆ ಧೂಳು ಅಥವಾ ತುಕ್ಕು. ಜ್ಯಾಕ್ ಹತ್ತಿರ ಕೇಬಲ್ ಅಲ್ಲಾಡಿಸಿ, ದನಿ ಕಟ್ ಆಗಬಾರದು. ತಂತಿಯಿಂದ ಕೈ ತೆಗೆದಾಗ ಗುಂಯ್ ಎನ್ನುವುದು, ಮುಟ್ಟಿದಾಗ ಕಡಿಮೆಯಾಗುವುದು ಸಾಮಾನ್ಯ. ಮುಟ್ಟಿದಾಗ ಜಾಸ್ತಿಯಾದರೆ ಒಳಗಿನ ಗ್ರೌಂಡ್ ವಯರಿನಲ್ಲಿ ದೋಷ ಇರಬಹುದು.

ಇಷ್ಟೆಲ್ಲ ನೋಡುತ್ತಿದ್ದರೆ ಅಂಗಡಿಯವರು ಬೇಸರ ಮಾಡಿಕೊಳ್ಳುತ್ತಾರಾ? ಒಳ್ಳೆಯ ಅಂಗಡಿಯವರು ಮಾಡಿಕೊಳ್ಳುವುದಿಲ್ಲ. ಬೆಲೆ ಇಳಿಸಲು ಒಪ್ಪದಿದ್ದರೆ ಸೆಟಪ್ ಮಾಡಿಕೊಡಿ, ಕೇಬಲ್ ಸೇರಿಸಿ ಎಂದು ಕೇಳಿ. ಅದಕ್ಕೆ ಹೆಚ್ಚಿನವರು ಒಪ್ಪುತ್ತಾರೆ.

ಆನ್‌ಲೈನ್‌ನಲ್ಲಿ ತರಿಸುವುದಾದರೆ ವಾಪಸ್ ಕೊಡಲು ಎಷ್ಟು ದಿನ ಎಂದು ಮೊದಲೇ ಓದಿ. ಡಬ್ಬ ಬಿಚ್ಚುವುದನ್ನು ವಿಡಿಯೊ ಮಾಡಿ. ಇದೇ ಪರೀಕ್ಷೆಗಳನ್ನು ಮೊದಲ ದಿನವೇ ಮುಗಿಸಿ, ಡಬ್ಬವನ್ನು ಆಮೇಲೂ ಕೆಲವು ದಿನ ಇಟ್ಟುಕೊಳ್ಳಿ.

ಹೆಜ್ಜೆ 7: ಸೆಕೆಂಡ್ ಹ್ಯಾಂಡ್ ಸಿಕ್ಕರೆ

ಕರಾವಳಿಯಲ್ಲಿ ನಮಗೊಂದು ಅನುಕೂಲ ಉಂಟು. ಮಣಿಪಾಲ, ಸುರತ್ಕಲ್, ಮಂಗಳೂರಿಗೆ ಓದಲು ಬಂದವರಲ್ಲಿ ಬ್ಯಾಂಡ್ ಕಟ್ಟಿದವರು ಇರುತ್ತಾರೆ. ಕೊನೆಯ ವರ್ಷ ಮುಗಿಸಿ ಊರಿಗೆ ಹೊರಡುವಾಗ ನಾಲ್ಕು ಕಿಲೋದ ಬೇಸ್ ಹೊತ್ತುಕೊಂಡು ಹೋಗುವುದಕ್ಕಿಂತ ಮಾರುವುದು ಅವರಿಗೆ ಸುಲಭ. ಪರೀಕ್ಷೆ ಮುಗಿಯುವ ಸಮಯದಲ್ಲಿ ಹಾಸ್ಟೆಲ್‌ಗಳ ಕಡೆ ವಿಚಾರಿಸಿ. ಗಲ್ಫಿನಿಂದ ತಂದು ಅಟ್ಟದಲ್ಲಿ ಇಟ್ಟ ಬೇಸ್‌ಗಳೂ ಆಗಾಗ ಹೊರಬರುತ್ತವೆ.

ಮೇಲಿನ ಪರೀಕ್ಷೆಗಳೆಲ್ಲ ಇಲ್ಲೂ ಬೇಕು. ಜೊತೆಗೆ ತುಕ್ಕು ನೋಡಿ. ತಂತಿ ತುಕ್ಕು ಹಿಡಿದರೆ ಚಿಂತೆಯಿಲ್ಲ, ಬದಲಿಸಬಹುದು. ಬ್ರಿಡ್ಜ್‌ನ ಚಿಕ್ಕ ಸ್ಕ್ರೂಗಳು ತುಕ್ಕಿನಿಂದ ಕೂತುಬಿಟ್ಟಿದ್ದರೆ ಆ್ಯಕ್ಷನ್ ಬದಲಿಸಲು ಆಗುವುದಿಲ್ಲ. ಅಲೆನ್ ಕೀ ತೆಗೆದುಕೊಂಡು ಹೋಗಿ, ಒಂದೊಂದೂ ತಿರುಗುತ್ತದಾ ನೋಡಿ. ತಲೆ ಮತ್ತು ನೆಕ್ ಸೇರುವ ಜಾಗದಲ್ಲಿ ಅಂಟು ಹಾಕಿದ ಗೆರೆ ಕಂಡರೆ ಬಿದ್ದು ಮುರಿದಿದೆ ಎಂದು ತಿಳಿಯಿರಿ. ನಾಲ್ಕೂ ಟ್ಯೂನಿಂಗ್ ಕೀ ತಿರುಗಿಸಿ, ಸಡಿಲ ಇರಬಾರದು. ಗೀರು, ಬಣ್ಣ ಹೋದದ್ದು, ಸ್ಟಿಕರಿನ ಕಲೆ ಲೆಕ್ಕಕ್ಕೇ ಇಲ್ಲ. ಅದರ ಹೆಸರಿನಲ್ಲಿ ಬೆಲೆ ಇಳಿಸಿ ಕೇಳಬಹುದು.

ಹೆಜ್ಜೆ 8: ಆ್ಯಂಪ್

ಗಿಟಾರ್ ಆ್ಯಂಪ್ ಮನೆಯಲ್ಲಿದ್ದರೆ ಮೆಲ್ಲನೆ ಇಟ್ಟು ನುಡಿಸಬಹುದು. ಜೋರು ಮಾಡಬೇಡಿ. ಬೇಸ್‌ನ ತಗ್ಗಿನ ದನಿಗೆ ಅದರ ಸ್ಪೀಕರ್ ತಯಾರಾದದ್ದಲ್ಲ, ಹರಿದುಹೋಗುತ್ತದೆ. ಬೇಸ್‌ಗೆಂದೇ ಮಾಡಿದ 15ರಿಂದ 25 ವಾಟಿನ ಆ್ಯಂಪ್ ಮನೆಗೆ ಧಾರಾಳ. ಹೆಡ್‌ಫೋನ್ ಹಚ್ಚುವ ಜಾಗ, ಫೋನಿನಿಂದ ಹಾಡು ಹಾಕುವ ಜಾಗ ಎರಡೂ ಇರಲಿ. ಡ್ರಮ್ಸ್ ಜೊತೆಗಾದರೆ 100 ವಾಟಿಗಿಂತ ಕಡಿಮೆ ಸಾಲದು. ಅಷ್ಟು ದೊಡ್ಡದನ್ನು ಈಗಲೇ ಕೊಳ್ಳಬೇಡಿ, ಅಭ್ಯಾಸದ ಕೋಣೆಯಲ್ಲಿ ಇದ್ದದ್ದನ್ನೇ ಬಳಸಿ.

ದುಡ್ಡು ಕಡಿಮೆ ಇದ್ದರೆ ಬೇಸ್‌ಗೆ ನೇರ ಚುಚ್ಚುವ ಪುಟ್ಟ ಹೆಡ್‌ಫೋನ್ ಆ್ಯಂಪ್ ಸಾಕು. ವಾಕ್ಸ್ ಕಂಪನಿಯ ಆ್ಯಂಪ್‌ಪ್ಲಗ್ ಅಂಥದ್ದು, ಅದರಲ್ಲಿ ಬೇಸ್‌ಗೆಂದೇ ಬೇರೆ ಮಾದರಿ ಇದೆ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬಳಸಿ. ಫೋನಿನ ಸ್ಪೀಕರಿನಲ್ಲಿ ತಗ್ಗಿನ ಸ್ವರ ಕೇಳುವುದೇ ಇಲ್ಲ. ಇ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41, ಅಷ್ಟು ತಗ್ಗನ್ನು ಅದು ಹೊರಡಿಸಲಾರದು.

ಹಳೆಯ ಹಂಚಿನ ಮನೆಗಳಲ್ಲಿ ಆ್ಯಂಪ್ ಹಾಕುವ ಮೊದಲು ಮೂರು ಪಿನ್ನಿನ ಪ್ಲಗ್‌ಗೆ ಅರ್ಥಿಂಗ್ ಇದೆಯಾ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷೆ ಮಾಡಿಸಿ. ನಿಮ್ಮ ಕೈ ಲೋಹದ ತಂತಿಯ ಮೇಲೆ ಇರುತ್ತದೆ, ಇದು ಜೀವದ ಪ್ರಶ್ನೆ. ಮುಂಗಾರಿನ ಮೊದಲು, ಮತ್ತೆ ಅಕ್ಟೋಬರ್ ಹೊತ್ತಿಗೆ ಸಂಜೆ ಸಿಡಿಲು ಬರುತ್ತದಲ್ಲ, ಆಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ.

ಹೆಜ್ಜೆ 9: ಸೆಟಪ್ ಮತ್ತು ನಮ್ಮ ಹವೆ

ಕಾರ್ಖಾನೆಯಿಂದ ಬಂದ ಬೇಸ್ ನಮ್ಮ ಊರಿಗೆ ಹೊಂದಿಕೊಳ್ಳಲು ಕೆಲವು ವಾರ ಬೇಕು. ಕೊಂಡ ಮೇಲೆ ಎರಡು ಮೂರು ವಾರ ನುಡಿಸಿ, ಆಮೇಲೆ ಗೊತ್ತಿದ್ದವರಲ್ಲಿ ಸೆಟಪ್ ಮಾಡಿಸಿ. ನೆಕ್ ಬಾಗು, ತಂತಿಯ ಎತ್ತರ, ಸ್ವರ ಈ ಮೂರನ್ನು ಅದೇ ಕ್ರಮದಲ್ಲಿ ಸರಿಮಾಡುತ್ತಾರೆ. ಅವರ ಪಕ್ಕ ನಿಂತು ನೋಡಿ ಕಲಿಯಿರಿ. ಟ್ರಸ್ ರಾಡನ್ನು ನೀವೇ ಮುಟ್ಟುವುದಾದರೆ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ತಿರುಗಿಸಿ, ಮತ್ತೆ ಟ್ಯೂನ್ ಮಾಡಿ, ಮಾರನೇ ದಿನ ನೋಡಿ.

ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು ತುಂಬಿರುತ್ತದೆ. ಮರ ತೇವ ಕುಡಿದು ನೆಕ್ ಸ್ವಲ್ಪ ಅಲುಗುತ್ತದೆ. ಮೇ ತಿಂಗಳಲ್ಲಿ ಸರಿಯಿದ್ದ ಆ್ಯಕ್ಷನ್ ಜುಲೈಯಲ್ಲಿ ಬದಲಾದರೆ ಬೇಸ್ ಕೆಟ್ಟಿತು ಎಂದು ಗಾಬರಿಯಾಗಬೇಡಿ. ಮಳೆ ಹಿಡಿದ ಮೇಲೆ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಆ ವಿಸಿಟಿಂಗ್ ಕಾರ್ಡ್ ಪರೀಕ್ಷೆ ಮಾಡಿ.

ಬೇಸ್ಸನ್ನು ಹೊರಗೋಡೆಗೆ ತೂಗುಹಾಕಬೇಡಿ, ಮಳೆಗಾಲದಲ್ಲಿ ಆ ಗೋಡೆ ಒದ್ದೆ. ಒಳಗೋಡೆಗೆ ಅಥವಾ ಸ್ಟ್ಯಾಂಡಿನಲ್ಲಿ, ಗಾಳಿ ಆಡುವ ಕಡೆ ಇಡಿ. ಬ್ಯಾಗಿನೊಳಗೆ ಮುಚ್ಚಿಟ್ಟರೆ ಬ್ಯಾಗಿಗೂ ಬೇಸ್‌ಗೂ ಬೂಷ್ಟು ಹಿಡಿಯುತ್ತದೆ. ಇಡಲೇಬೇಕಾದರೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ವಾರಕ್ಕೊಮ್ಮೆ ತೆರೆದು ಗಾಳಿಗಿಡಿ. ಪೊಟ್ಟಣಗಳನ್ನೂ ಆಗಾಗ ಬದಲಿಸಿ. ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ.

ಉಪ್ಪುಗಾಳಿ, ಬೆವರು ಎರಡೂ ತಂತಿಯ ಶತ್ರು. ಪ್ರತಿ ಸಲ ನುಡಿಸಿದ ಮೇಲೆ ಹಳೆ ಹತ್ತಿ ಬೈರಾಸಿನ ಒಣ ತುಂಡಿನಲ್ಲಿ ತಂತಿಯ ಮೇಲೂ ಕೆಳಗೂ ಒರೆಸಿ. ಇದೊಂದು ಅಭ್ಯಾಸದಿಂದ ತಂತಿ ತಿಂಗಳುಗಟ್ಟಲೆ ಹೆಚ್ಚು ಬಾಳುತ್ತದೆ. ಬದಲಿಸುವಾಗ 45ರಿಂದ 105ರ ದಪ್ಪದ (ಇಂಚಿನ ಸಾವಿರದ ಭಾಗಗಳಲ್ಲಿ) ನಿಕ್ಕಲ್ ರೌಂಡ್‌ವೌಂಡ್, ಅಂದರೆ ದುಂಡು ಸರಿಗೆ ಸುತ್ತಿದ ತಂತಿಯ ಸೆಟ್ ಕೇಳಿ, 34 ಇಂಚಿಗೆ ಅದೇ ಸಾಮಾನ್ಯ ಅಳತೆ. ಬೆರಳು ಜಾರುವಾಗಿನ ಚುಯ್ ಸದ್ದು ಇಷ್ಟವಿಲ್ಲದಿದ್ದರೆ ಚಪ್ಪಟೆ ಸರಿಗೆ ಸುತ್ತಿದ ನುಣುಪಾದ ಫ್ಲಾಟ್‌ವೌಂಡ್ ಇದೆ. ಬೆಲೆ ಜಾಸ್ತಿ, ಆದರೆ ವರ್ಷಗಟ್ಟಲೆ ಇರುತ್ತದೆ. ಚರ್ಚಿನಲ್ಲಿ ಮಾತ್ರ ನುಡಿಸುವವರು ಅದನ್ನು ಹಾಕಿ ನೋಡಬಹುದು.

ಹೆಜ್ಜೆ 10: ಮೊದಲ ತಿಂಗಳು

ಟ್ಯೂನ್ ಮಾಡುವುದನ್ನು ಮೊದಲು ಕಲಿಯಿರಿ. ಫೋನಿಗೆ ದಪ್ಪ ತಂತಿ ಸರಿಯಾಗಿ ಕೇಳದಿದ್ದರೆ ಹನ್ನೆರಡನೇ ಫ್ರೆಟ್‌ನ ಹಾರ್ಮಾನಿಕ್ ಮೀಟಿ. ಕಂಪನ ಎರಡು ಪಟ್ಟಾಗುತ್ತದೆ, ಆಗ ಟ್ಯೂನರ್ ಹಿಡಿಯುತ್ತದೆ.

ಬಲಗೈಯ ಹೆಬ್ಬೆರಳನ್ನು ಪಿಕಪ್ ಮೇಲೆ ಊರಿ, ತೋರುಬೆರಳು ನಡುಬೆರಳು ಒಂದಾದ ಮೇಲೊಂದು ಬರುವ ಹಾಗೆ ಖಾಲಿ ತಂತಿ ನುಡಿಸಿ. ತಾಳ ಎಣಿಸಿಕೊಡುವ ಮೆಟ್ರೋನೋಮ್ ನಿಮಿಷಕ್ಕೆ 60ಕ್ಕೆ ಇಡಿ. ಒಂದು ವಾರ ಇಷ್ಟೇ ಮಾಡಿದರೂ ಸಮಯ ಹಾಳಲ್ಲ. ಬೇಸ್ ಕಲಿಯುವವರಿಗೆ ಬೇಗ ನುಡಿಸುವುದಕ್ಕಿಂತ ಸಮಕ್ಕೆ ಸರಿಯಾಗಿ ಬೀಳುವುದು ಮುಖ್ಯ. ಎಡಗೈಯಲ್ಲಿ ಫ್ರೆಟ್ ಕಂಬಿಯ ಮೇಲೆ ಒತ್ತಬೇಡಿ, ಅದಕ್ಕೆ ಸ್ವಲ್ಪ ಹಿಂದೆ ಒತ್ತಿ. ಬಲ ಅರ್ಧಕ್ಕರ್ಧ ಕಡಿಮೆ ಸಾಕಾಗುತ್ತದೆ. ಬೆರಳ ತುದಿ ಉರಿಯುವುದು ಸಹಜ, ಮಣಿಕಟ್ಟು ನೋಯುವುದು ಸಹಜವಲ್ಲ. ಮಣಿಕಟ್ಟು ನೋಯ್ದರೆ ಅಲ್ಲಿಗೆ ನಿಲ್ಲಿಸಿ, ಹಿಡಿತ ಬದಲಿಸಿ.

ಎರಡನೇ ವಾರದಿಂದ ಹಾಡಿನ ಕಾರ್ಡ್‌ಗಳ (chord, ಗಿಟಾರಿನವರು ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮೂಲ ಸ್ವರ ಹುಡುಕಿ. ಜಿ ಬೇಕಾದರೆ ಇ ತಂತಿಯ ಮೂರನೇ ಫ್ರೆಟ್. ಎ ಬೇಕಾದರೆ ಅದೇ ತಂತಿಯ ಐದನೆಯದು. ಸಿ ಇರುವುದು ಎ ತಂತಿಯ ಮೂರರಲ್ಲಿ, ಡಿ ಅದರ ಐದರಲ್ಲಿ. ಎಫ್ ಇ ತಂತಿಯ ಮೊದಲ ಫ್ರೆಟ್‌ನಲ್ಲಿ ಬರುತ್ತದೆ, ಕೈ ಹಿಗ್ಗಿಸಬೇಕಾದ ಜಾಗ ಅದೇ. ಈ ಐದು ಗೊತ್ತಿದ್ದರೆ ಎಷ್ಟೋ ಕೊಂಕಣಿ ಭಕ್ತಿಗೀತೆ, ಕನ್ನಡ ಸಿನಿಮಾ ಹಾಡು, ತುಳು ಹಾಡುಗಳ ಜೊತೆ ಕೂತು ನುಡಿಸಬಹುದು. ಗಿಟಾರಿನವರ ಕಾರ್ಡ್ ಹಾಳೆ ಇಸಕೊಂಡು, ಕಾರ್ಡ್ ಬದಲಾದಾಗಲೆಲ್ಲ ಮೂಲ ಸ್ವರ ಒಂದೇ ಒಂದು ಸಲ ನುಡಿಸಿ. ಅದು ತಪ್ಪದೆ ಬಂದ ಮೇಲೆ ಪಂಚಮ ಸೇರಿಸಿ. ಮುಂದಿನ ತೆಳು ತಂತಿಯಲ್ಲಿ ಎರಡು ಫ್ರೆಟ್ ಮೇಲೆ ಅದು ಸಿಗುತ್ತದೆ, ಎಲ್ಲ ಕಾರ್ಡಿಗೂ ಆಕಾರ ಒಂದೇ. ಬೈಲಾದ ಆರು ಎಣಿಕೆಯ ಓಟದಲ್ಲಿ ಒಂದಕ್ಕೆ ಮೂಲ, ನಾಲ್ಕಕ್ಕೆ ಪಂಚಮ ಹಾಕಿ ನೋಡಿ, ಹಾಡು ತಾನೇ ನಡೆಯತೊಡಗುತ್ತದೆ.

ನುಡಿಸದ ತಂತಿಗಳು ತಾವಾಗಿ ಗುನುಗದಂತೆ ಎಡಗೈ ಬೆರಳಿನ ಬದಿಯಿಂದ ಮುಚ್ಚಿ ಹಿಡಿಯುವುದನ್ನೂ ಈಗಲೇ ರೂಢಿ ಮಾಡಿಕೊಳ್ಳಿ. ಹೆಡ್‌ಫೋನಿನಲ್ಲಿ ಗೊತ್ತಾಗದ ಆ ಗುನುಗು ಚರ್ಚಿನ ಸ್ಪೀಕರಿನಲ್ಲಿ ಜೋರಾಗಿ ಕೇಳುತ್ತದೆ.

ಡ್ರಮ್ಸ್ ನುಡಿಸುವವರು ಯಾರಾದರೂ ಪರಿಚಯದಲ್ಲಿದ್ದರೆ ತಿಂಗಳು ತುಂಬುವ ಮೊದಲೇ ಅವರ ಜೊತೆ ಕುಳಿತುಕೊಳ್ಳಿ. ಹಾಡು ಬೇಡ, ಗಿಟಾರ್ ಬೇಡ, ನೀವಿಬ್ಬರೇ ಸಾಕು. ಅವರ ಬಲಗಾಲು ಕಾಣುವ ಕಡೆ ನಿಲ್ಲಿ. ಆ ಕಾಲು ಪೆಡಲ್ ಒತ್ತಿದಾಗಲೆಲ್ಲ ಒಂದೇ ಸ್ವರ ನುಡಿಸಿ. ಎರಡು ಸದ್ದು ಒಂದಾಗಿ ಕೇಳುವವರೆಗೆ ಸ್ವರ ಬದಲಿಸಬೇಡಿ.